ಕಾರವಾರ, ಗೋಕರ್ಣ, ಶಿರಸಿ: ನಡೆದು ನೋಡಲು, ಕೂತು ಉಣ್ಣಲು ಯಾವ ಪೇಟೆ?

ಉತ್ತರ ಕನ್ನಡಕ್ಕೆ ಬರುವವರ ಪಟ್ಟಿಯಲ್ಲಿ ಜಲಪಾತ ಇರುತ್ತದೆ, ಬೀಚ್ ಇರುತ್ತದೆ, ಯಾಣ ಇರುತ್ತದೆ. ಪೇಟೆ ಇರುವುದಿಲ್ಲ. ಆದರೆ ಜಿಲ್ಲೆಯ ಊಟ, ವ್ಯಾಪಾರ, ಮಾತು, ಗುಡಿ, ಆಟ ಎಲ್ಲವೂ ಒಂದೇ ಕಡೆ ಸಿಗುವುದು ಪೇಟೆಯಲ್ಲೇ. ಅದನ್ನು ಕಾರಿನ ಕಿಟಕಿಯಿಂದ ನೋಡಲಾಗದು, ಕಾಲ್ನಡಿಗೆಯಲ್ಲೇ ಆಗಬೇಕು. ಒಂದೆರಡು ಕಿ.ಮೀ. ಒಳಗೆ ಎಲ್ಲವೂ ಮುಗಿಯುವ, ಅರ್ಧ ದಿನ ಆರಾಮವಾಗಿ ಅಲೆಯಬಹುದಾದ ಮೂರು ಜಾಗಗಳನ್ನು ಇಲ್ಲಿ ಹೋಲಿಸಿದ್ದೇವೆ: ಕಾರವಾರದ ಮೀನುಪೇಟೆ ಮತ್ತು ಕಡಲತೀರ, ಗೋಕರ್ಣದ ರಥಬೀದಿ, ಶಿರಸಿಯ ಮಾರಿಗುಡಿ ಸುತ್ತಲಿನ ಪೇಟೆ. ಕೊನೆಗೆ ಭಟ್ಕಳದ ಬಗ್ಗೆ ಎರಡು ಮಾತು.

ಯಾವುದು ಚೆಂದ ಎಂದು ಕೇಳುವುದಕ್ಕಿಂತ ನಿಮ್ಮ ಕೈಯಲ್ಲಿರುವ ಹೊತ್ತು ಯಾವುದು ಎಂದು ಕೇಳಿಕೊಳ್ಳಿ. ಈ ಪೇಟೆಗಳು ದಿನವಿಡೀ ಒಂದೇ ಥರ ಇರುವುದಿಲ್ಲ. ಗೋಕರ್ಣ ನಸುಕಿನ ಊರು. ಶಿರಸಿ ತುಂಬಿ ತುಳುಕುವುದು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ. ಕಾರವಾರಕ್ಕೆ ಎರಡು ಹೊತ್ತು: ಮಧ್ಯಾಹ್ನದ ಊಟದವರೆಗೆ ಮೀನು, ಐದರ ಮೇಲೆ ಕಡಲು. ಹೊತ್ತು ತಪ್ಪಿ ಹೋದವರೇ ‘ಅಲ್ಲಿ ಏನೂ ಇಲ್ಲ’ ಎಂದು ಹೇಳಿಕೊಂಡು ತಿರುಗುವುದು. ಮೂರನ್ನೂ ಒಂದೇ ದಿನದಲ್ಲಿ ಮುಗಿಸುವ ಯೋಜನೆಯನ್ನಂತೂ ಈಗಲೇ ಬಿಟ್ಟುಬಿಡಿ. ಕಾರವಾರದಿಂದ ಗೋಕರ್ಣಕ್ಕೆ ಸುಮಾರು 60 ಕಿ.ಮೀ., ಗೋಕರ್ಣದಿಂದ ಶಿರಸಿಗೆ ಘಟ್ಟ ಹತ್ತಿ 80 ಕಿ.ಮೀ. ಮೇಲೆ. ಹೊರಟಲ್ಲಿಂದ ತಲುಪುವವರೆಗೆ ರಸ್ತೆಯೇ ದಿನವನ್ನು ತಿಂದುಬಿಡುತ್ತದೆ.

ಕಾರವಾರ: ಮೀನು ಉಣ್ಣುವವರಿಗೆ

ಕಾರವಾರದಲ್ಲಿ ನಡಿಗೆ ಶುರುವಾಗಬೇಕಾದದ್ದು ಮೀನು ಮಾರುಕಟ್ಟೆಯಿಂದ. ಬೆಳಿಗ್ಗೆ ಎಂಟೂವರೆ, ಒಂಬತ್ತರ ಹೊತ್ತಿಗೆ ಹೋದರೆ ಬೈತಖೋಲ ಬಂದರಿನಿಂದ ಬಂದ ಬುಟ್ಟಿಗಳು ಸಾಲಾಗಿ ಕೂತಿರುತ್ತವೆ. ಬಂಗಡೆ, ತಾರ್ಲೆ, ಇಸ್ವಣ, ಪಾಂಪ್ಲೆಟ್, ನೊಗಲಿ, ಸಿಗಡಿ, ಏಡಿ, ಕಾಳಿ ನದಿಯ ಅಳಿವೆಯಿಂದ ಬಂದ ತಿಸ್ರೆ ಎಂಬ ಚಿಪ್ಪುಜೀವಿ. ವ್ಯಾಪಾರದ ಮಾತು ಕೊಂಕಣಿಯಲ್ಲಿ ನಡೆಯುತ್ತದೆ, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಬರುತ್ತದೆ. ಕೊಳ್ಳದಿದ್ದರೂ ಒಂದು ಸುತ್ತು ಹಾಕಿ. ಅವತ್ತು ಯಾವ ಮೀನು ಹೇರಳವಾಗಿ ಬಂದಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಮಧ್ಯಾಹ್ನ ಹೋಟೆಲಿನಲ್ಲಿ ಅದನ್ನೇ ಕೇಳಿದರೆ ತಾಜಾ ಸಿಗುತ್ತದೆ, ಬೆಲೆಯೂ ಕಡಿಮೆ. ಮಾರುಕಟ್ಟೆಯಲ್ಲೆಲ್ಲೂ ಕಾಣದ ಮೀನು ಹೋಟೆಲಿನ ಪಟ್ಟಿಯಲ್ಲಿದ್ದರೆ ಅದು ಮಂಜುಗಡ್ಡೆಯಿಂದ ಎದ್ದು ಬಂದದ್ದು ಎಂದೇ ತಿಳಿಯಿರಿ.

ಕೊಂಡು ಅಡುಗೆ ಮಾಡಿಸುವವರು ನೋಡಬೇಕಾದ್ದು ಮೂರು. ಕಿವಿರು ಎತ್ತಿದರೆ ಒಳಗೆ ಕೆಂಪಗಿರಬೇಕು, ಕಂದು ತಿರುಗಿರಬಾರದು. ಕಣ್ಣು ಉಬ್ಬಿ ಹೊಳೆಯಬೇಕು. ಬೆರಳಿನಿಂದ ಒತ್ತಿದ ಗುಳಿ ತಾನೇ ತುಂಬಿಕೊಳ್ಳಬೇಕು. ತಿಸ್ರೆಯಾದರೆ ಚಿಪ್ಪು ಮುಚ್ಚಿರಬೇಕು. ಬಾಯಿ ಬಿಟ್ಟದ್ದು ತಟ್ಟಿದರೂ ಮುಚ್ಚಿಕೊಳ್ಳದಿದ್ದರೆ ಬೇಡ.

ಊಟಕ್ಕೆ ಹನ್ನೆರಡೂವರೆಯಿಂದ ಒಂದೂವರೆಯೊಳಗೆ ಕೂತುಬಿಡಿ. ಮೀನೂಟ ಎಂದರೆ ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದು ಮಾಡಿದ ತೆಳು ಸಾರು, ತಿಸ್ರೆಯದೋ ಸಿಗಡಿಯದೋ ಸುಕ್ಕೆ (ಒಣ ಪಲ್ಯ), ಉಪ್ಪಿನಕಾಯಿ, ಸೋಲಕಡಿ. ಹುರಿದ ಮೀನಿಗೆ ಹೆಚ್ಚಿನ ಕಡೆ ಬೇರೆ ದುಡ್ಡು. ಇಸ್ವಣಕ್ಕೆ ತುಂಡಿನ ಲೆಕ್ಕ, ಪಾಂಪ್ಲೆಟ್ಟಿಗೆ ಗಾತ್ರದ ಲೆಕ್ಕ. ಆರ್ಡರ್ ಕೊಡುವ ಮೊದಲು ಇವತ್ತಿನ ದರ ಕೇಳಿ, ಮೀನು ತೋರಿಸಿ ಎಂದೂ ಕೇಳಿ. ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಎರಡೂವರೆಯ ಮೇಲೆ ಹೋದರೆ ಸುಕ್ಕೆ ಖಾಲಿಯಾಗಿರುತ್ತದೆ, ಸಾರು ತಳ ಮುಟ್ಟಿರುತ್ತದೆ. ಬಂಗಡೆ ಸಾರಿನಲ್ಲಿ ಜುಮ್ಮನಕಾಯಿ (ಕೊಂಕಣಿಯಲ್ಲಿ ತೆಪ್ಪಲ್) ಹಾಕಿದ್ದಾರೆಯೇ ನೋಡಿ. ಅದರ ಸಿಪ್ಪೆಯ ಘಮ ನಾಲಿಗೆಯನ್ನು ಸಣ್ಣಗೆ ಚುರುಗುಟ್ಟಿಸುತ್ತದೆ, ಈ ಕರಾವಳಿಯ ಸಾರಿನ ಗುರುತೇ ಅದು. ಜಗಿಯಬೇಡಿ, ಬದಿಗೆ ತೆಗೆದಿಡಿ. ಸೋಲಕಡಿ ಊಟದ ಕೊನೆಗೆ. ಮುರುಗಲು ಸಿಪ್ಪೆಯ ಹುಳಿ, ತೆಂಗಿನ ಹಾಲು, ಬೆಳ್ಳುಳ್ಳಿ, ಹಸಿಮೆಣಸು, ಇಷ್ಟೇ ಇರಬೇಕು. ಬಣ್ಣ ತಿಳಿಗುಲಾಬಿ. ಕಡು ಗುಲಾಬಿ ಕಂಡರೆ ಸೀಸೆಯಲ್ಲಿ ಬರುವ ಸಿರಪ್ ಸುರಿದಿದ್ದಾರೆ ಎಂಬ ಅನುಮಾನ ನಮಗಂತೂ ಬರುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ನಾಡದೋಣಿಯ ಮೀನು, ಹೊಳೆಮೀನು, ಒಣಮೀನು ಮಾತ್ರ. ದರ ಏರಿರುತ್ತದೆ. ಮೀನಿಗಾಗಿಯೇ ಬರುವುದಾದರೆ ಈ ಎರಡು ತಿಂಗಳು ಕಾರವಾರ ಬೇಡ, ಶಿರಸಿಗೆ ಹೋಗಿ. ಬರಲು ಒಳ್ಳೆಯ ಕಾಲ ಅಕ್ಟೋಬರಿನಿಂದ ಫೆಬ್ರುವರಿ. ವಾರದಲ್ಲಿ ರವಿವಾರ ಒಳ್ಳೆಯದು, ಅವತ್ತು ಸಂತೆ. ಅಂಕೋಲಾ ಕಡೆಯ ಸೊಪ್ಪು, ತರಕಾರಿ, ಘಟ್ಟದ ಮೇಲಿನ ಸಾಮಾನು ಎಲ್ಲ ರಸ್ತೆಬದಿಗೆ ಬರುತ್ತದೆ. ಮೇ ತಿಂಗಳಾದರೆ ಕರಿ ಈಶಾಡ ಮಾವಿನಹಣ್ಣು ಕೇಳಿ. ಅಂಕೋಲೆಯ ಈ ಹಣ್ಣಿಗೆ 2023ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಸಿಪ್ಪೆ ತೆಳು, ತಿರುಳು ಮೆತ್ತಗೆ, ದೂರದ ಪ್ರಯಾಣ ತಡೆಯುವುದಿಲ್ಲ. ಹಾಗಾಗಿ ಇಲ್ಲೇ ತಿನ್ನಬೇಕು.

ಊಟವಾದ ಮೇಲೆ ಎರಡರಿಂದ ನಾಲ್ಕೂವರೆವರೆಗೆ ಕಾರವಾರದಲ್ಲಿ ನಡೆಯುವ ಸಾಹಸ ಬೇಡ. ಬಿಸಿಲಿಗಿಂತ ಸೆಖೆ ಹೆಚ್ಚು ದಣಿಸುತ್ತದೆ. ಐದರ ಹೊತ್ತಿಗೆ ರವೀಂದ್ರನಾಥ ಟಾಗೋರ್ ಕಡಲತೀರಕ್ಕೆ ಬನ್ನಿ. ಬಸ್ ನಿಲ್ದಾಣದ ಕಡೆಯಿಂದ ಹತ್ತು ಹದಿನೈದು ನಿಮಿಷದ ನಡಿಗೆ. ಪೇಟೆಗೂ ತೀರಕ್ಕೂ ನಡುವೆ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುತ್ತದೆ. ಮಕ್ಕಳ ಕೈ ಹಿಡಿದುಕೊಂಡು, ಸಿಗ್ನಲ್ಲೋ ಸರ್ಕಲ್ಲೋ ಇರುವಲ್ಲಿ ಮಾತ್ರ ದಾಟಿ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಆರಂಭದಲ್ಲಿ, ಯುವಕ ರವೀಂದ್ರರು ಬಂದು ಉಳಿದಿದ್ದರು. ಅವರೊಂದು ಪದ್ಯನಾಟಕ ಬರೆದದ್ದೂ ಇಲ್ಲಿಯೇ. ತೀರದಲ್ಲಿ ಐಎನ್‌ಎಸ್ ಚಾಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯವಿದೆ, ಪಕ್ಕದಲ್ಲೇ ಟುಪೊಲೆವ್ ವಿಮಾನವೂ ನಿಂತಿದೆ. ನೌಕೆಯೊಳಗಿನ ಏಣಿಗಳು ಕಡಿದಾಗಿವೆ. ಮಂಡಿನೋವಿನವರು ಹೊರಗಿನಿಂದಲೇ ನೋಡುವುದು ಲೇಸು. ಮಯೂರವರ್ಮ ವೇದಿಕೆಯಲ್ಲಿ ಕಾರ್ಯಕ್ರಮವಿದ್ದರೆ ಸಂಜೆ ಅಲ್ಲೇ ಕಳೆಯುತ್ತದೆ. ಬೆಳಗಿನ ಹೊತ್ತು ತೀರಕ್ಕೆ ಬಂದರೆ ಕೆಲವೊಮ್ಮೆ ಏಂಡಿ ಬಲೆ ಎಳೆಯುವುದು ಕಾಣಸಿಗುತ್ತದೆ. ಹಗ್ಗದ ಎರಡು ತುದಿ ದಡದಲ್ಲಿ, ಎರಡೂ ಕಡೆ ಸಾಲುನಿಂತ ಜನ ಹಿಂದೆ ಹಿಂದೆ ಹೆಜ್ಜೆಯಿಡುತ್ತ ಬಲೆಯನ್ನು ಒಳಗೆ ತರುತ್ತಾರೆ. ನೋಡುವವರು ಹಗ್ಗಕ್ಕೆ ಅಡ್ಡ ನಿಲ್ಲಬಾರದು, ಅಷ್ಟೇ.

ಕಾಳಿ ದಾಟಿ ಸದಾಶಿವಗಡಕ್ಕೆ ನಡೆದೇ ಹೋಗೋಣ ಎನ್ನುವವರಿಗೆ ಒಂದು ಎಚ್ಚರಿಕೆ. 2024ರ ಆಗಸ್ಟ್ 7ರಂದು ಹಳೆಯ ಸೇತುವೆ ಕುಸಿದ ಮೇಲೆ ಎರಡೂ ಕಡೆಯ ವಾಹನ ಹೊಸ ಸೇತುವೆಯಲ್ಲೇ ಓಡತೊಡಗಿದವು. ಅಲ್ಲಿಗೆ ಬಸ್ಸು, ಆಟೋ ಹಿಡಿಯಿರಿ.

ಗೋಕರ್ಣ: ನಸುಕಿಗೆ ಏಳುವವರಿಗೆ

ಇದು ಮೂರರಲ್ಲಿ ಅತಿ ಚಿಕ್ಕ ನಡಿಗೆ. ರಥಬೀದಿಯ ಪಶ್ಚಿಮದ ಕೊನೆಗೆ ಮಹಾಬಲೇಶ್ವರ, ಅದರ ಹತ್ತಿರವೇ ಮಹಾಗಣಪತಿ, ಅಲ್ಲಿಂದ ಕೆಲವೇ ಹೆಜ್ಜೆಗೆ ಸಮುದ್ರ. ಇತ್ತ ಒಳಬೀದಿ ಹಿಡಿದರೆ ಕೋಟಿತೀರ್ಥ. ಬೆಳಿಗ್ಗೆ ಆರರಿಂದ ಎಂಟೂವರೆವರೆಗೆ ಬೀದಿಯಲ್ಲಿ ವಾಹನ ಕಡಿಮೆ. ಜಗಲಿಯ ಮನೆಗಳು, ಒದ್ದೆ ಪಂಚೆಯಲ್ಲಿ ತೀರ್ಥದಿಂದ ಬರುವವರು, ಹೂವು ಸೊಪ್ಪು ಹರಡಿ ಕೂತ ಹಾಲಕ್ಕಿ ಸಮುದಾಯದ ಹೆಂಗಸರು. ಹತ್ತರ ಮೇಲೆ ಅದೇ ಬೀದಿಯಲ್ಲಿ ಬೈಕು, ಆಟೋ, ಪ್ರವಾಸಿ ಕಾರುಗಳ ನಡುವೆ ದಾರಿ ಮಾಡಿಕೊಳ್ಳಬೇಕು. ಹಾಗಾಗಿ ಹಿಂದಿನ ರಾತ್ರಿ ಬಂದು ಉಳಿದವರಿಗೇ ಗೋಕರ್ಣ ಸಿಗುವುದು. ಮಧ್ಯಾಹ್ನ ಬಂದು ಸಂಜೆಗೆ ಹೊರಡುವವರಿಗೆ ಇದನ್ನು ನಾವು ಶಿಫಾರಸು ಮಾಡುವುದಿಲ್ಲ.

ಮೊದಲು ಗಣಪತಿ, ಆಮೇಲೆ ಮಹಾಬಲೇಶ್ವರ ಎಂಬುದು ರೂಢಿ. ಗರ್ಭಗುಡಿಗೆ ಹೋಗುವ ಗಂಡಸರು ಅಂಗಿ ತೆಗೆದು ಪಂಚೆ ಉಡಬೇಕು. ಪ್ಯಾಂಟು, ಬರ್ಮುಡಾ ಹಾಕಿಕೊಂಡು ಸಾಲಿನಲ್ಲಿ ನಿಂತು ಬಾಗಿಲಲ್ಲಿ ವಾಪಸಾಗುವವರು ದಿನವೂ ಇರುತ್ತಾರೆ. ಮಧ್ಯಾಹ್ನ ಗುಡಿ ಮುಚ್ಚಿ ಸಂಜೆ ತೆರೆಯುತ್ತದೆ. ದೇವಸ್ಥಾನದಲ್ಲಿ ಮಧ್ಯಾಹ್ನ ಪ್ರಸಾದದ ಊಟವಿದೆ. ಬೀದಿಯ ಹೋಟೆಲುಗಳಲ್ಲಿ ಸಸ್ಯಾಹಾರ: ಇಡ್ಲಿ, ಬನ್ಸ್, ಅವಲಕ್ಕಿ, ಮಧ್ಯಾಹ್ನ ಊಟ. ಕಡಲಿನ ಕಡೆಯ ಕೆಫೆಗಳದ್ದು ಬೇರೆಯೇ ಲೋಕ, ಹೊರದೇಶದವರ ನಾಲಿಗೆಗೆ ಹೊಂದಿಸಿದ ಅಡುಗೆ. ಊಟದ ಲೆಕ್ಕದಲ್ಲಿ ಗೋಕರ್ಣ ಮೂರನೆಯದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಇಲ್ಲಿಗೆ ಬರಬೇಕಾದ್ದು ಬೀದಿಗಾಗಿ.

ನಡಿಗೆಯನ್ನು ಉದ್ದ ಮಾಡುವ ಆಸೆಯಿದ್ದರೆ ತೀರದ ದಕ್ಷಿಣದ ತುದಿಯಲ್ಲಿ ಮೆಟ್ಟಿಲು ಹತ್ತಿ ರಾಮತೀರ್ಥ, ಅಲ್ಲಿಂದ ಗುಡ್ಡದ ಮೇಲೆ ಕುಡ್ಲೆ, ಇನ್ನೂ ಮುಂದೆ ಓಂ ತೀರ. ದಾರಿ ಜಂಬಿಟ್ಟಿಗೆ ಕಲ್ಲಿನದು. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ, ಕತ್ತಲಾದರೆ ದೀಪವಿಲ್ಲ. ಚಪ್ಪಲಿ ಬಿಟ್ಟು ಹಿಡಿತವಿರುವ ಬೂಟು ಹಾಕಿ, ಸೂರ್ಯ ಮುಳುಗುವ ಮೊದಲೇ ಮರಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಯಾವ ತೀರದಲ್ಲೂ ನೀರಿಗೆ ಇಳಿಯಬೇಡಿ. ಮೇಲೆ ಶಾಂತವಾಗಿ ಕಂಡರೂ ಅಡಿಯ ಸೆಳೆತ ಎಳೆದುಕೊಳ್ಳುತ್ತದೆ, ಪ್ರತಿವರ್ಷವೂ ಜೀವ ಹೋಗುತ್ತಿವೆ.

ಶಿವರಾತ್ರಿಯ ವಾರ ರಥಬೀದಿ ಪೂರ್ತಿ ಜನ. ರಥ ನೋಡಲು ಬರುವವರು ಕೊಠಡಿಯನ್ನು ಬಹಳ ಮೊದಲೇ ಹೇಳಿಡಬೇಕು. ಬೀದಿ ನೋಡಲು ಬರುವವರು ಆ ವಾರ ಬಿಟ್ಟು ಬರಬೇಕು.

ಶಿರಸಿ: ತಿಂದು, ಕೊಂಡು, ಹೊತ್ತುಕೊಂಡು ಹೋಗುವವರಿಗೆ

ಮೂರರಲ್ಲಿ ಒಂದನ್ನೇ ಆರಿಸಿ ಎಂದರೆ ನಮ್ಮ ಆಯ್ಕೆ ಶಿರಸಿ, ಅದೂ ಮಂಗಳವಾರದ ಶಿರಸಿ. ಅವತ್ತು ಸಂತೆ. ಸುತ್ತಲ ಹಳ್ಳಿಗಳ ತೋಟ, ಬೆಟ್ಟ, ಗದ್ದೆಗಳ ಬೆಳೆಯೆಲ್ಲ ಪೇಟೆಗೆ ಇಳಿಯುತ್ತದೆ. ಮಾರಿಗುಡಿ, ಬಿಡಕಿಬೈಲು, ಸಿ.ಪಿ. ಬಜಾರ್, ದೇವಿಕೆರೆ ಎಲ್ಲವೂ ಒಂದಕ್ಕೊಂದು ನಡೆದು ಹೋಗುವ ದೂರದಲ್ಲಿವೆ. ಊರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಕರಾವಳಿಯ ಸೆಖೆ ಇಲ್ಲಿಲ್ಲ.

ಮಾರಿಗುಡಿಯಿಂದ ಶುರುಮಾಡಿ. ದೇವಿಯ ದರ್ಶನವಾದ ಮೇಲೆ ಗೋಡೆಗಳ ಕಾವಿ ಕಲೆ ನೋಡದೆ ಹೊರಬೀಳಬೇಡಿ. ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿಯ ಪದರ ಬಳಿದು, ಅದು ಹಸಿಯಿರುವಾಗಲೇ ಕಂಟದಿಂದ (ಮೊನಚು ಕಡ್ಡಿಯಿಂದ) ಗೀರಿ ಕೆಂಪನ್ನು ಕೆರೆದು ತೆಗೆದಾಗ ಅಡಿಯ ಬಿಳಿ ಚಿತ್ರವಾಗಿ ಏಳುತ್ತದೆ. ಹತ್ತಿರ ನಿಂತು ಓರೆಯಾಗಿ ನೋಡಿದರೆ ಗೀರಿದ ಅಂಚು ಕಾಣುತ್ತದೆ. ಬಣ್ಣ ಬಳಿದ ಚಿತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅಲ್ಲೇ ತಿಳಿಯುವುದು. ಕರಾವಳಿ, ಗೋವಾಗಳ ಹಳೆಯ ಗುಡಿಗಳಲ್ಲಿ ಈ ಕಲೆ ಸುಣ್ಣ ಬಳಿತಕ್ಕೆ ಸಿಕ್ಕಿ ಎಷ್ಟೋ ಕಡೆ ಹೋಗಿಬಿಟ್ಟಿದೆ. ಇಲ್ಲಿ ಉಳಿದಿರುವುದನ್ನು ಕಾಲು ಗಂಟೆ ಕೊಟ್ಟು ನೋಡಲೇಬೇಕು.

ವರ್ಷ ನೋಡಿಕೊಂಡು ಬರುವುದು ಶಿರಸಿಗೆ ಮುಖ್ಯ. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷಗಳಲ್ಲಿ: 2022, 2024, 2026. ಫೆಬ್ರುವರಿ–ಮಾರ್ಚ್ ಆಸುಪಾಸಿನ ಒಂಬತ್ತು ದಿನ. ದೇವಿ ರಥವೇರಿ ಬಿಡಕಿಬೈಲಿನ ಗದ್ದುಗೆಗೆ ಬರುತ್ತಾಳೆ. ಪೇಟೆಯೊಳಗೆ ವಾಹನ ಬಿಡುವುದಿಲ್ಲ, ನಡಿಗೆ ಅನಿವಾರ್ಯ. ಜಾತ್ರೆ ಮುಗಿದ ಮೇಲೆ ಯುಗಾದಿಗೆ ಮರುಪ್ರತಿಷ್ಠೆಯಾಗುವವರೆಗೆ ಗುಡಿಯಲ್ಲಿ ದೇವಿಯ ದರ್ಶನವಿಲ್ಲ. ‘ಜಾತ್ರೆಯ ಗಲಾಟೆ ಕಳೆಯಲಿ’ ಎಂದು ಮರುವಾರ ಬಂದವರು ನಿರಾಶರಾಗುವುದು ಇದಕ್ಕೇ. ಜಾತ್ರೆಯಿಲ್ಲದ ವರ್ಷ ಹೋಳಿಯ ಮೊದಲಿನ ರಾತ್ರಿಗಳಲ್ಲಿ ಬೇಡರ ವೇಷ. ಬೆನ್ನಿಗೆ ನವಿಲುಗರಿ ಕಟ್ಟಿ, ಕತ್ತಿ ಗುರಾಣಿ ಹಿಡಿದ ವೇಷಧಾರಿ ತಮಟೆಗೆ ಕುಣಿಯುತ್ತ ಬೀದಿಬೀದಿ ಸುತ್ತುತ್ತಾನೆ, ಇಬ್ಬರು ಹಗ್ಗ ಹಿಡಿದು ತಡೆಯುತ್ತಿರುತ್ತಾರೆ. ರಾತ್ರಿ ಹತ್ತಕ್ಕೆ ಬಂದು ಹನ್ನೊಂದಕ್ಕೆ ಮಲಗಲು ಹೋದರೆ ಏನೂ ಸಿಗದು. ಆಟಕ್ಕೆ ಕಾವು ಬರುವುದು ನಡುರಾತ್ರಿಯ ಮೇಲೆ.

ಇನ್ನು ತಿನಿಸು. ಹವ್ಯಕರ ಮನೆಯಡುಗೆಗೆ ಶಿರಸಿ ಹೆಸರುವಾಸಿ, ಆದರೆ ಅದು ಪೇಟೆಯ ಎಲ್ಲ ಹೋಟೆಲುಗಳಲ್ಲಿ ಸಿಗುತ್ತದೆ ಎಂದುಕೊಂಡು ಬರಬೇಡಿ. ಹೆಚ್ಚಿನ ಕಡೆ ಇರುವುದು ಎಲ್ಲೆಡೆ ಸಿಗುವ ಅನ್ನ, ಸಾಂಬಾರು, ಪಲ್ಯದ ಊಟ. ತಂಬುಳಿ ಎಂದರೆ ಸೊಪ್ಪು ಅರೆದು ಮಜ್ಜಿಗೆಗೆ ಬೆರೆಸಿದ್ದು; ‘ಇವತ್ತು ಯಾವ ತಂಬುಳಿ?’ ಎಂದು ಕೇಳಿ. ಒಂದೆಲಗ, ಕನ್ನೆಕುಡಿ ಎಂಬಂಥ ಉತ್ತರ ಬಂದರೆ ಕೂತುಬಿಡಿ. ಪ್ರಶ್ನೆಯೇ ಅರ್ಥವಾಗದಿದ್ದರೆ ಮುಂದಿನ ಹೋಟೆಲು. ಫೆಬ್ರುವರಿಯಿಂದ ಮೇವರೆಗೆ ಅಪ್ಪೆಹುಳಿ ಕೇಳಿ. ಮಾವಿನಕಾಯಿ ಬೇಯಿಸಿ ಕಿವುಚಿ, ಸೂಜಿಮೆಣಸು ಇಂಗಿನ ಒಗ್ಗರಣೆ ಕೊಟ್ಟ ತಿಳಿನೀರು ಅದು. ಲೋಟದಲ್ಲೇ ಕುಡಿಯುವುದು, ಕುಡಿದ ಮೇಲೆ ನಿದ್ದೆ ಬರುತ್ತದೆ. ಮಧ್ಯಾಹ್ನದ ಮೇಲೆ ಘಟ್ಟದಲ್ಲಿ ಗಾಡಿ ಓಡಿಸುವವರು ಒಂದೇ ಲೋಟಕ್ಕೆ ಸಾಕುಮಾಡಿ.

ತೊಡದೇವು ಎಂಬ ತೆಳು ಸಿಹಿತಿಂಡಿ ಮಾಡುವುದು ಎಲ್ಲಾದರೂ ಕಣ್ಣಿಗೆ ಬಿದ್ದರೆ ನಿಂತು ನೋಡಿ. ಒಲೆಯ ಮೇಲೆ ಬೋರಲು ಹಾಕಿದ ಮಡಕೆ, ಕೆಳಗೆ ಹದವಾದ ಉರಿ. ಅಕ್ಕಿ ಹಿಟ್ಟಿಗೆ ಕಬ್ಬಿನ ಹಾಲೋ ಬೆಲ್ಲವೋ ಬೆರೆಸಿದ ನೀರುಹಿಟ್ಟಿನಲ್ಲಿ ಕೋಲಿಗೆ ಸುತ್ತಿದ ಬಟ್ಟೆ ಅದ್ದಿ ಮಡಕೆಯ ಬೆನ್ನಿಗೆ ಒಂದೇ ಬೀಸಿಗೆ ಬಳಿಯುತ್ತಾರೆ. ತುಪ್ಪ ಸವರಿ, ಅಂಚು ಏಳುತ್ತಿದ್ದಂತೆ ಬಿಡಿಸಿ, ಬಿಸಿ ಇರುವಾಗಲೇ ಮಡಚಬೇಕು. ಆರಿದರೆ ಮಡಿಕೆಯಲ್ಲೇ ಮುರಿಯುತ್ತದೆ. ಉರಿ ಹೆಚ್ಚಾದರೆ ಬೆಲ್ಲ ಕರಿಕಾಗಿ ಕಹಿ, ಕಡಿಮೆಯಾದರೆ ಮಡಕೆಗೆ ಅಂಟುತ್ತದೆ. ಕೊಳ್ಳುವಾಗ ಗಟ್ಟಿ ಡಬ್ಬಿಯಲ್ಲಿರುವುದನ್ನೇ ಕೊಳ್ಳಿ. ಪ್ಲಾಸ್ಟಿಕ್ ಚೀಲದ್ದು ಮನೆ ಮುಟ್ಟುವುದರೊಳಗೆ ಪುಡಿ, ಗಾಳಿ ತಾಗಿದರೆ ಮೆತ್ತಗೆ.

ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಯ ಪರಿಮಳದ ಮಾವಿನಮಿಡಿಯ ಕಾಲದಲ್ಲಿ ಸಂತೆಗೆ ಬಂದರೆ ಮಿಡಿಯನ್ನು ಕಿಲೋಗಲ್ಲ, ಎಣಿಸಿ, ನೂರಕ್ಕೆ ಇಷ್ಟು ಎಂದು ಮಾರುವುದು ಕಾಣುತ್ತದೆ. ತೊಟ್ಟು ಇರುವ ಮಿಡಿಯನ್ನೇ ಆರಿಸಿ. ತೊಟ್ಟು ಕಳಚಿದಲ್ಲಿ ಸೊನೆ ಹೋಗಿ ಉಪ್ಪುನೀರು ಒಳನುಗ್ಗುತ್ತದೆ, ಆ ಒಂದು ಮಿಡಿ ಭರಣಿಯನ್ನೇ ಕೆಡಿಸಬಲ್ಲದು. ಒಂದನ್ನು ಮುರಿದು ಮೂಸಿ ನೋಡಲು ಕೇಳಿ. ಪರಿಮಳವಿದ್ದರೆ ಅಪ್ಪೆ, ಬರೀ ಹುಳಿ ವಾಸನೆಯಾದರೆ ಸಾದಾ ಕಾಡುಮಾವು. ಉದುರಿದ ಮಿಡಿಗೂ ಕೊಯ್ದ ಮಿಡಿಗೂ ದರದಲ್ಲಿ ವ್ಯತ್ಯಾಸವಿರಬೇಕು. ಪೆಟ್ಟು ಬಿದ್ದ ಗುರುತು ಹುಡುಕಿ.

ಜೋನಿಬೆಲ್ಲ, ಹಲಸಿನ ಹಪ್ಪಳ, ಜೇನು, ಮುರುಗಲು, ಕಾಳುಮೆಣಸಿಗೆ ಬೆಳೆಗಾರರ ಸಹಕಾರಿ ಸಂಘಗಳ ಮಳಿಗೆಗಳೇ ನಂಬಿಕೆಯವು. 1923ರಲ್ಲಿ ಶುರುವಾದ ತೋಟಗಾರ್ಸ್ ಸೇಲ್ ಸೊಸೈಟಿಯನ್ನು ಇಲ್ಲಿ ಎಲ್ಲರೂ ಟಿ.ಎಸ್.ಎಸ್. ಎನ್ನುತ್ತಾರೆ. ಜೋನಿಬೆಲ್ಲ ಹೊಸದು ಬರುವುದು ಆಲೆಮನೆಯ ಕಾಲದಲ್ಲಿ, ಅಂದರೆ ಸಂಕ್ರಾಂತಿಯ ಆಸುಪಾಸಿನಿಂದ. ಅಡಿಕೆ ವ್ಯಾಪಾರದ ಅಂಗಳಕ್ಕೆ ಹೋದರೆ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂದು ಬೇರೆ ಬೇರೆ ಗುಡ್ಡೆ ಹಾಕಿರುತ್ತಾರೆ. ಕೇಳಿದರೆ ವಿವರಿಸುವವರು ಸಿಗುತ್ತಾರೆ. ಟೆಂಡರಿನ ಹೊತ್ತಿನಲ್ಲಿ ಮಾತ್ರ ಮಾತನಾಡಿಸಬೇಡಿ. ಶಿರಸಿ ಅಡಿಕೆಗೂ ಭೌಗೋಳಿಕ ಸೂಚಿಕೆ ಇದೆ, 2019ರಿಂದ.

ಭಟ್ಕಳ: ನಾಲ್ಕನೆಯ ದಾರಿ

ಮೀನು ಸಾಕು, ಬಿರಿಯಾನಿ ಬೇಕು ಎನ್ನುವವರು ದಕ್ಷಿಣಕ್ಕೆ ಭಟ್ಕಳದ ಹಳೇ ಪೇಟೆಗೆ ಹೋಗಲಿ. ಇಲ್ಲಿನ ಮುಸ್ಲಿಂ ಸಮುದಾಯವಾದ ನವಾಯತರ ಬಿರಿಯಾನಿಯಲ್ಲಿ ಈರುಳ್ಳಿ ಧಾರಾಳ, ಖಾರ ಮಿತ. ಶಾವಿಗೆಯ ಬಿರಿಯಾನಿಯೂ ಇದೆ, ಕೇಳಿ ನೋಡಿ. ಸುಲ್ತಾನ್ ಬೀದಿಯ ಹಳೆಯ ಮನೆಗಳು, ಬಸದಿ, ಊರ ಹೊರಗೆ ಮೂಡಭಟ್ಕಳದ ಕಲ್ಲುಗುಡಿಗಳು, ಜತೆಗೆ ಭಟ್ಕಳ ಮಲ್ಲಿಗೆ. ಶುಕ್ರವಾರ ಮಧ್ಯಾಹ್ನ ಪೇಟೆ ಬಾಗಿಲು ಹಾಕಿರುತ್ತದೆ. ರಂಜಾನ್ ತಿಂಗಳಲ್ಲಾದರೆ ಹಗಲು ಬೇಡ, ರಾತ್ರಿ ಹೋಗಿ.

ಎರಡನ್ನು ಜೋಡಿಸುವುದಾದರೆ

ಎರಡು ದಿನ ಇರುವವರಿಗೆ ಒಳ್ಳೆಯ ಜೋಡಿ ಕಾರವಾರ–ಗೋಕರ್ಣ: ಕಾರವಾರದಲ್ಲಿ ಬೆಳಿಗ್ಗೆಯಿಂದ ಸಂಜೆ, ರಾತ್ರಿ ಗೋಕರ್ಣಕ್ಕೆ ಬಂದು ಮಲಗಿ ಮರುದಿನ ನಸುಕಿಗೆ ರಥಬೀದಿ. ವಯಸ್ಸಾದ ತಂದೆತಾಯಿ ಜತೆಗಿದ್ದರೆ ಶಿರಸಿಯೊಂದನ್ನೇ ಇಟ್ಟುಕೊಳ್ಳಿ. ಸೆಖೆಯಿಲ್ಲ, ನಡುನಡುವೆ ಕೂರಲು ಹೋಟೆಲು, ಗುಡಿಯ ಅಂಗಳ ಇವೆ. ಚಿಕ್ಕ ಮಕ್ಕಳಿದ್ದರೆ ಕಾರವಾರ. ಮೀನು ಮುಟ್ಟದವರಿಗೆ ಕಾರವಾರದಲ್ಲಿ ಅರ್ಧ ದಿನವೂ ಬೇಕಿಲ್ಲ, ಸಂಜೆಯೊಂದಕ್ಕೆ ಬಂದರೂ ಸಾಕು.

ರೈಲಿನಲ್ಲಿ ಬರುವವರು ಗಮನಿಸಿ: ಕಾರವಾರದ ನಿಲ್ದಾಣ ಶಿರವಾಡದಲ್ಲಿದೆ, ಗೋಕರ್ಣ ರೋಡ್ ನಿಲ್ದಾಣವೂ ಊರಿನಿಂದ ಕಿಲೋಮೀಟರುಗಟ್ಟಲೆ ದೂರ. ಎರಡೂ ಕಡೆ ಆಟೋ ಬೇಕು. ಶಿರಸಿಗೆ ರೈಲೇ ಇಲ್ಲ. ಕುಮಟಾದಲ್ಲಿ ಇಳಿದು ದೇವಿಮನೆ ಘಟ್ಟ ಹತ್ತಬೇಕು, ಸುಮಾರು 60 ಕಿ.ಮೀ. ಮಳೆಗಾಲದಲ್ಲಿ ಈ ಘಟ್ಟದಲ್ಲಿ ಗುಡ್ಡ ಕುಸಿಯುವುದೂ ರಸ್ತೆ ಬಂದ್ ಆಗುವುದೂ ಹೊಸದಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಜೀವಹಾನಿಯಾಯಿತು. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವ ದಿನ ಬೆಳಿಗ್ಗೆ ಕುಮಟಾ ಅಥವಾ ಶಿರಸಿ ಬಸ್ ನಿಲ್ದಾಣಕ್ಕೆ ಫೋನ್ ಮಾಡಿ ಬಸ್ಸು ಓಡುತ್ತಿದೆಯೇ ಕೇಳಿ. ಬಂದ್ ಇದ್ದರೆ ಅಂಕೋಲಾ–ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ ಒಂದು ದಾರಿ, ಹೊನ್ನಾವರ–ಮಾವಿನಗುಂಡಿ–ಸಿದ್ದಾಪುರ ಇನ್ನೊಂದು. ಎರಡೂ ಸುತ್ತು, ಒಂದರಿಂದ ಎರಡು ಗಂಟೆ ಹೆಚ್ಚು ಇಟ್ಟುಕೊಳ್ಳಿ. ಭಾರೀ ಮಳೆಯ ದಿನ ಅವುಗಳ ಸ್ಥಿತಿಯನ್ನೂ ಕೇಳಿಕೊಂಡೇ ಗಾಡಿ ತೆಗೆಯಿರಿ.